ಜಾಲ ಕಾಯುವ ಕನ್ನಡಿಗ ಎಂಜಿನಿಯರುಗಳಿಗೆ: ನಾಗಪುರದಿಂದ ಒಂದು ಬಹಿರಂಗ ಪತ್ರ

ಧರಂಪೇಠ, ನಾಗಪುರ



ಮಿಹಾನಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿಯೂ, ಬುಟೀಬೋರಿ ಮತ್ತು ಹಿಂಗಣಾ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿಯೂ, ರಾಮದಾಸಪೇಠದ ಆಸ್ಪತ್ರೆಗಳಲ್ಲಿಯೂ, ಸಿವಿಲ್ ಲೈನ್ಸಿನ ಕಚೇರಿಗಳಲ್ಲಿಯೂ ಸರ್ವರು, ಸ್ವಿಚ್ಚು, ಫೈರ್‌ವಾಲುಗಳ ಯೋಗಕ್ಷೇಮದ ಹೊಣೆಯನ್ನು ಹೊತ್ತು, ಹುಬ್ಬಳ್ಳಿ, ಮೈಸೂರು, ಕಲಬುರಗಿ, ಶಿವಮೊಗ್ಗಗಳಿಂದ ಇಷ್ಟು ದೂರ ಬಂದು ನೆಲಸಿರುವ ನಿಮ್ಮೆಲ್ಲರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ದೂರವಾಣಿಯ ಕೆಲಸದಲ್ಲಿಯೇ ತಲೆ ನರೆಯಿಸಿಕೊಂಡು ಈಗ ನಿವೃತ್ತನಾಗಿರುವ ನನಗೆ ಯುಗಾದಿ, ರಾಜ್ಯೋತ್ಸವಗಳಂಥ ಸಂದರ್ಭಗಳಲ್ಲಿ ನಿಮ್ಮೊಡನೆ ನಾಲ್ಕು ಮಾತನಾಡುವ ಅವಕಾಶ ದೊರೆಯುತ್ತದೆ. ಆ ಮಾತಿನ ನಡುವೆ ಪದೇಪದೇ ಕಿವಿಗೆ ಬೀಳುವ ಒಂದು ದೂರು, ಅದಕ್ಕೆ ನಿಮ್ಮಲ್ಲಿ ಹಲವರು ಕಂಡುಕೊಂಡಿರುವ ಒಂದು ಪರಿಹಾರ, ಇವೆರಡೂ ಸೇರಿ ನನ್ನನ್ನು ಈ ಬರಹಕ್ಕೆ ಪ್ರೇರಿಸಿವೆ. ದೂರು ಇಷ್ಟೆ: “ಸರ್, ಬ್ರಾಂಚಿನಲ್ಲಿ ಐಪಿ ಫೋನು ಕಾನ್ಫಿಗ್ ಫೈಲನ್ನೇ ಎಳೆದುಕೊಳ್ಳುತ್ತಿಲ್ಲ. ಫೈರ್‌ವಾಲಿನಲ್ಲಿ ಯುಡಿಪಿ 69 ಓಪನ್ ಮಾಡಿದ್ದೇವೆ, ಆದರೂ ಟೈಮ್‌ಔಟ್.” ಪರಿಹಾರವೋ ಇನ್ನೂ ಚಿಕ್ಕದು: “ಎನಿ ಎನಿ ರೂಲ್ ಹಾಕಿದೆವು ಸರ್, ಬಂದುಬಿಟ್ಟಿತು.” ದೂರಿನ ವಿಷಯದಲ್ಲಿ ನನಗೆ ಪೂರ್ಣ ಸಹಾನುಭೂತಿ ಉಂಟು. ಪರಿಹಾರದ ವಿಷಯದಲ್ಲಿ ಲವಲೇಶವೂ ಇಲ್ಲ.

ಏಕೆ ಬಂದುಬಿಟ್ಟಿತು ಎಂದು ನಾನು ಕೇಳಿದಾಗ ಒಂದು ಮುಗುಳ್ನಗೆಯೇ ಉತ್ತರವಾಗಿ ಬರುತ್ತದೆ. ಕಾರಣ ತಿಳಿಯದೆ ಕೈಗೆ ಬಂದ ಫಲವನ್ನು ಎಂಜಿನಿಯರಾದವನು ಫಲವೆಂದು ಗಣಿಸತಕ್ಕದ್ದಲ್ಲ. ಈ ಪ್ರಕರಣದಲ್ಲಂತೂ ಕಾರಣವು ಗಹನವಾದುದೇನೂ ಅಲ್ಲ, ಸ್ವಲ್ಪ ಹೊತ್ತು ಸಮಾಧಾನದಿಂದ ಕುಳಿತು ಪ್ಯಾಕೆಟ್ಟುಗಳ ಹೋಗುಬರುವನ್ನು ನೋಡಿದರೆ ತಾನಾಗಿಯೇ ಕಣ್ಣಿಗೆ ಬೀಳುವಂಥದು. ನಿಮ್ಮಲ್ಲಿ ಕೆಲವರಿಗೆ ಇದೆಲ್ಲ ಕರತಲಾಮಲಕವಾಗಿದ್ದೀತು. ಅಂಥವರು ಮುಂದಿನ ಕೆಲವು ಪರಿಚ್ಛೇದಗಳನ್ನು ದಾಟಿ ಓದಿದರೆ ನನಗೆ ಬೇಸರವಿಲ್ಲ.

ಗೋಡೆಯ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿದೊಡನೆ ಸ್ವಿಚ್ಚಿನಿಂದಲೇ ವಿದ್ಯುತ್ತನ್ನು ಪಡೆದು ಏಳುವ ಐಪಿ ಫೋನಿಗೆ ತಾನು ಯಾರ ಮೇಜಿನ ಮೇಲಿದ್ದೇನೆ, ತನ್ನ ಎಕ್ಸ್‌ಟೆನ್ಷನ್ ಸಂಖ್ಯೆ ಯಾವುದು, ಕರೆಗಳನ್ನು ನಡಸುವ ಸರ್ವರು ಎಲ್ಲಿದೆ ಎಂಬುದಾವುದೂ ತಿಳಿದಿರುವುದಿಲ್ಲ. ಮೊದಲು ಅದು ಡಿಎಚ್‌ಸಿಪಿಯ ಮೂಲಕ ಒಂದು ಐಪಿ ವಿಳಾಸವನ್ನು ಬೇಡುತ್ತದೆ. ಬಂದ ಉತ್ತರದಲ್ಲಿ ವಿಳಾಸದ ಜೊತೆಗೆ 66ನೆಯ ಆಪ್ಷನ್ನಿನಲ್ಲಿಯೋ, ಸಿಸ್ಕೊ ಫೋನಾದರೆ 150ನೆಯ ಆಪ್ಷನ್ನಿನಲ್ಲಿಯೋ, ಫೈಲು ಕೊಡುವ ಸರ್ವರಿನ ಗುರುತೂ ಇರುತ್ತದೆ. ಆಗ ಫೋನು ಆ ಸರ್ವರನ್ನು ಕುರಿತು ತನ್ನ ಹೆಸರಿನ ಫೈಲನ್ನು ಕೊಡುವಂತೆ ಕೇಳುತ್ತದೆ. ಹೆಸರೆಂದರೆ ಅದರ ಮ್ಯಾಕ್ ವಿಳಾಸವೇ: ಸಿಸ್ಕೊ ಫೋನಿನಲ್ಲಿ ಎಸ್‌ಇಪಿ ಎಂಬ ಮೂರು ಅಕ್ಷರಗಳಾದ ಮೇಲೆ ಆ ಹನ್ನೆರಡು ಅಂಕೆ ಅಕ್ಷರಗಳು, ಪಾಲಿಕಾಮ್ ಫೋನಿನಲ್ಲಿ ಬರಿಯ ಮ್ಯಾಕ್ ವಿಳಾಸ, ಆ ಫೈಲು ಸಿಕ್ಕದಿದ್ದರೆ ಹನ್ನೆರಡು ಸೊನ್ನೆಗಳ ಹೆಸರಿನ ಸಾಮಾನ್ಯ ಫೈಲು. (ಎಸ್‌ಇಪಿ ಎಂಬುದು 1998ರಲ್ಲಿ ಸಿಸ್ಕೊ ಕೊಂಡುಕೊಂಡ ಸೆಲ್ಸಿಯಸ್ ಎಂಬ ಅಮೆರಿಕದ ಪುಟ್ಟ ಕಂಪನಿಯ ಕುರುಹು, ಕಂಪನಿ ಹೋಗಿ ಎಷ್ಟೋ ಕಾಲವಾದರೂ ಫೈಲಿನ ಹೆಸರಿನಲ್ಲಿ ಅದಿನ್ನೂ ಬಾಳುತ್ತಿದೆ.)

ಈ ಕೇಳಿಕೆ ನಡೆಯುವುದು ಟಿಎಫ್‌ಟಿಪಿ, ಎಂದರೆ ಟ್ರಿವಿಯಲ್ ಫೈಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್, ಎಂಬ ಕ್ರಮದಲ್ಲಿ. ನಿಮ್ಮಲ್ಲಿ ಬಹುಮಂದಿಗಿಂತ ವಯಸ್ಸಿನಲ್ಲಿ ಹಿರಿದಾದ ಈ ಪ್ರೋಟೋಕಾಲನ್ನು ಮೊದಲು ರೂಪಿಸಿದವರು ನೋಯೆಲ್ ಚಿಯಾಪ. ಎಂಐಟಿಯ ಕ್ಯಾರೆನ್ ಸೋಲಿನ್ಸ್ ಅದನ್ನು 1981ರ ಜೂನಿನಲ್ಲಿ ಆರ್‌ಎಫ್‌ಸಿ 783 ಆಗಿಯೂ, ತಿದ್ದಿದ ರೂಪದಲ್ಲಿ 1992ರ ಜುಲೈನಲ್ಲಿ ಆರ್‌ಎಫ್‌ಸಿ 1350 ಆಗಿಯೂ ಬರೆದಿಟ್ಟರು. ಡಿಸ್ಕೇ ಇಲ್ಲದ ಯಂತ್ರವೊಂದು, ಒಂದು ಸಣ್ಣ ಚಿಪ್‌ನಲ್ಲಿ ಹಿಡಿಯುವಷ್ಟು ಅಲ್ಪವಾದ ಪ್ರೋಗ್ರಾಮಿನ ಬಲದಿಂದಲೇ ತನ್ನ ಆಹಾರವನ್ನು ದೂರದ ಸರ್ವರಿನಿಂದ ತರಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಹುಟ್ಟಿದ್ದು ಅದು. ಆದುದರಿಂದ ಅನವಶ್ಯಕವಾದುದೊಂದನ್ನೂ ಅದು ತನ್ನಲ್ಲಿ ಇರಿಸಿಕೊಳ್ಳಲಿಲ್ಲ. ಐದೇ ಬಗೆಯ ಪ್ಯಾಕೆಟ್ಟುಗಳು: ಓದುವ ಕೋರಿಕೆ, ಬರೆಯುವ ಕೋರಿಕೆ, ದತ್ತಾಂಶ, ಸ್ವೀಕೃತಿ, ದೋಷಸೂಚನೆ. ಒಂದು ಬಾರಿಗೆ 512 ಬೈಟುಗಳ ಒಂದು ಖಂಡ. ಅದು ತಲಪಿತೆಂಬ ಸ್ವೀಕೃತಿ ಬಂದ ಮೇಲೆಯೇ ಮುಂದಿನ ಖಂಡ. 512ಕ್ಕಿಂತ ಕಡಮೆಯಾದ ಖಂಡವೊಂದು ಬಂದರೆ ಫೈಲು ಮುಗಿಯಿತೆಂದು ಅರ್ಥ. ಪಾಸ್‌ವರ್ಡ್ ಇಲ್ಲ, ಗೂಢಲಿಪಿ ಇಲ್ಲ, ಫೈಲುಗಳ ಪಟ್ಟಿಯನ್ನು ಕೇಳುವ ಸೌಕರ್ಯವೂ ಇಲ್ಲ. ಹೆಸರು ಹೇಳಿದವನಿಗೆ ಫೈಲು. ಇಷ್ಟು ಮಿತವಾದ ಸಾಮಗ್ರಿಯಿಂದ ನಾಲ್ಕು ದಶಕ ಬಾಳುವ ವಸ್ತುವನ್ನು ಕಟ್ಟಿದವರ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಕಷ್ಟಕ್ಕೆ ಮೂಲವೂ ಆ ವಿವೇಕದಲ್ಲಿಯೇ ಇದೆ ಎಂಬುದು ಬೇರೆ ಮಾತು.

ಕಷ್ಟ ಹುಟ್ಟುವ ಸ್ಥಳ ಒಂದೇ ಒಂದು. ಫೋನು ತನ್ನ ಕೋರಿಕೆಯನ್ನು ಸರ್ವರಿನ 69ನೆಯ ಪೋರ್ಟಿಗೆ ಕಳುಹಿಸುತ್ತದೆಯಷ್ಟೆ. ಆದರೆ ಸರ್ವರು ಆ ಪೋರ್ಟಿನಿಂದ ಉತ್ತರ ಕೊಡುವುದಿಲ್ಲ. 69ನ್ನು ಮುಂದಿನ ಕೋರಿಕೆಗೆಂದು ತೆರವಾಗಿಟ್ಟು, ಈ ಒಂದು ವರ್ಗಾವಣೆಗಾಗಿ ಬೇರೊಂದು ಪೋರ್ಟನ್ನು ಆ ಕ್ಷಣದಲ್ಲಿಯೇ ಆರಿಸಿಕೊಂಡು, ಅಲ್ಲಿಂದ ಮೊದಲ ಖಂಡವನ್ನು ರವಾನಿಸುತ್ತದೆ; ಫೋನೂ ಆ ಹೊಸ ಸಂಖ್ಯೆಯನ್ನೇ ಗುರುತಾಗಿ ಹಿಡಿದು ಅಲ್ಲಿಂದ ಮುಂದಕ್ಕೆ ಎಲ್ಲ ಸ್ವೀಕೃತಿಗಳನ್ನೂ ಅಲ್ಲಿಗೇ ಕಳುಹಿಸುತ್ತದೆ. ಏಕಕಾಲದಲ್ಲಿ ಹತ್ತು ಫೋನುಗಳು ಕೇಳಿದರೂ ಒಂದರ ಖಂಡ ಇನ್ನೊಂದರೊಡನೆ ಬೆರೆತು ಕಲಬೆರಕೆಯಾಗಬಾರದೆಂಬುದೇ ಈ ವ್ಯವಸ್ಥೆಯ ಉದ್ದೇಶ, ಮತ್ತು ಆ ಉದ್ದೇಶ ಸಾಧುವಾದುದೇ.

ಕಳೆದ ಬೇಸಗೆಯಲ್ಲಿ, 45 ಡಿಗ್ರಿಯ ಬಿಸಿಲಿಗೆ ಈ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ಒಂದು ಮಧ್ಯಾಹ್ನ, ನಿಮ್ಮಲ್ಲೊಬ್ಬರು ತಮ್ಮ ಕಾರ್ಖಾನೆಯ ರ‍್ಯಾಕ್ ಕೋಣೆಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ಮೂವರು ಸೇರಿದ್ದರು. ಸರ್ವರಿನವರು ತಮ್ಮ ಲಾಗನ್ನು ತೋರಿಸಿ, ಕೋರಿಕೆ ಬಂದಿದೆ, ಫೈಲನ್ನು ಕಳುಹಿಸಿದ್ದೇವೆ ಎಂದರು. ಫೈರ್‌ವಾಲಿನವರು ತಮ್ಮ ರೂಲನ್ನು ತೋರಿಸಿ, 69 ತೆರೆದಿದೆ, ಕೋರಿಕೆಯ ಪ್ಯಾಕೆಟ್ಟುಗಳು ದಾಟಿ ಹೋಗಿವೆ ಎಂದರು. ಫೋನು ಮಾರಿದ ಕಂಪನಿಯ ಪ್ರತಿನಿಧಿಯು ಹೆಡ್ ಆಫೀಸಿನಲ್ಲಿ ಇದೇ ಮಾಡೆಲ್ಲು ನೆಟ್ಟಗೆ ನಡೆಯುತ್ತಿದೆಯಲ್ಲ ಎಂದರು. ಮೂವರೂ ಹೇಳಿದ್ದು ಯಥಾರ್ಥವೇ. ಹೆಡ್ ಆಫೀಸಿನಲ್ಲಿ ಫೋನಿಗೂ ಸರ್ವರಿಗೂ ನಡುವೆ ಫೈರ್‌ವಾಲೇ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಫೋನಿನ ಸ್ಟೇಟಸ್ ಪಟ್ಟಿಯಲ್ಲಿ ಮಾತ್ರ “ಟಿಎಫ್‌ಟಿಪಿ ಟೈಮ್‌ಔಟ್” ಎಂಬ ಸಾಲು ಒಂದರ ಕೆಳಗೊಂದು ಬೆಳೆಯುತ್ತಲೇ ಇತ್ತು.

ಫೈರ್‌ವಾಲಿನ ಎರಡು ಪಕ್ಕಗಳಲ್ಲಿಯೂ ವೈರ್‌ಶಾರ್ಕ್ ಹಚ್ಚಿ ನೋಡಿದೆವು. ಫೋನಿನ ಪಕ್ಕದಲ್ಲಿ ಕಂಡದ್ದು ಒಂದೇ ಸಾಲಿನ ಪುನರಾವೃತ್ತಿ: ಫೋನಿನ 49165ನೆಯ ಪೋರ್ಟಿನಿಂದ ಸರ್ವರಿನ 69ಕ್ಕೆ ಓದುವ ಕೋರಿಕೆ; ಕೆಲವು ಸೆಕೆಂಡು ಮೌನ; ಪುನಃ ಅದೇ ಕೋರಿಕೆ. ಸರ್ವರಿನ ಪಕ್ಕದಲ್ಲಿ ಮಾತ್ರ ಎರಡನೆಯ ಸಾಲೊಂದಿತ್ತು: ಸರ್ವರಿನ 34712ನೆಯ ಪೋರ್ಟಿನಿಂದ ಫೋನಿನ 49165ಕ್ಕೆ ದತ್ತಾಂಶ, ಖಂಡ 1. ಫೈರ್‌ವಾಲಿನ ಲಾಗಿನಲ್ಲಿ 69 ಎಂದು ಹುಡುಕುತ್ತಿದ್ದವರು 34712 ಎಂದು ಹುಡುಕಿದೊಡನೆ ‘ಡಿನೈ’ ಎಂಬ ಕೆಂಪು ಸಾಲುಗಳು ಪುಟಗಟ್ಟಲೆ ಹೊರಬಿದ್ದವು. ಕೋಣೆಯಲ್ಲಿದ್ದವರಲ್ಲಿ ಯಾರೂ ಮಾತನಾಡಲಿಲ್ಲ; ಮಾತನಾಡತಕ್ಕದ್ದೇನೂ ಉಳಿದಿರಲಿಲ್ಲ.

ಈ ದೋಷದ ವಿಶೇಷವೆಂದರೆ ಅದು ತಿಂಗಳುಗಟ್ಟಲೆ ಅಡಗಿ ಕುಳಿತಿರಬಲ್ಲದು. ಬಹುಪಾಲು ಫೋನುಗಳು ಹಿಂದೆ ಪಡೆದ ಕಾನ್ಫಿಗ್ ಫೈಲನ್ನು ತಮ್ಮ ಫ್ಲ್ಯಾಶ್ ಸ್ಮೃತಿಯಲ್ಲಿ ಉಳಿಸಿಕೊಂಡಿರುವುದರಿಂದ, ಹೊಸ ಫೈಲು ಬರದಿದ್ದರೂ ಹಳೆಯದರ ಆಧಾರದ ಮೇಲೆಯೇ ರಿಜಿಸ್ಟರ್ ಆಗಿ ಕರೆಗಳನ್ನು ನಡಸುತ್ತಿರುತ್ತವೆ; ಹೆಡ್ ಆಫೀಸಿನಲ್ಲಿ ಸಿದ್ಧಮಾಡಿ ತಂದಿಟ್ಟ ಫೋನು ಬ್ರಾಂಚಿನಲ್ಲಿ ನಡೆಯುತ್ತದೆ, ಪೆಟ್ಟಿಗೆಯಿಂದ ಹೊಸದಾಗಿ ತೆಗೆದ ಫೋನು ನಡೆಯುವುದಿಲ್ಲ. ಕಾಲ್ ಸರ್ವರಿನ ವಿಳಾಸವನ್ನು ಬದಲಾಯಿಸಿದ ದಿನ, ಅಥವಾ ಯಾರೋ ಫ್ಯಾಕ್ಟರಿ ರೀಸೆಟ್ ಮಾಡಿದ ದಿನ, ಇದ್ದಕ್ಕಿದ್ದಂತೆ ಎಲ್ಲವೂ ಬಯಲಾಗುತ್ತದೆ. ನಿನ್ನೆಯವರೆಗೆ ಸರಿಯಾಗಿತ್ತು ಎಂಬ ಸಾಕ್ಷ್ಯವೇ ಆಗ ಎಲ್ಲರನ್ನೂ ದಾರಿ ತಪ್ಪಿಸುತ್ತದೆ.

ಇನ್ನು ಫೈರ್‌ವಾಲಿನ ಪಕ್ಷವನ್ನು ಕುರಿತು ಒಂದು ಮಾತು. ಟಿಎಫ್‌ಟಿಪಿ ಹುಟ್ಟಿದ ಕಾಲದಲ್ಲಿ ಜಾಲದ ಮೇಲಿದ್ದವರೆಲ್ಲ ಒಬ್ಬರನ್ನೊಬ್ಬರು ಬಲ್ಲವರು; ಸಂಬಂಧದ ಸ್ಥಿತಿಯನ್ನು ನೆನಪಿಟ್ಟುಕೊಂಡು ಒಳಬಿಡುವ ಬಗೆಯ ಕಾವಲು ವ್ಯಾಪಕವಾದದ್ದು 1994ರಲ್ಲಿ ಚೆಕ್ ಪಾಯಿಂಟ್ ಕಂಪನಿಯ ಫೈರ್‌ವಾಲ್-1 ಬಂದಮೇಲೆ. ಒಳಗಿನವನು ಹೊರಗಿನ ಇಂಥ ವಿಳಾಸದ ಇಂಥ ಪೋರ್ಟಿಗೆ ಬರೆದ ಎಂಬುದನ್ನು ಅದು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅದೇ ವಿಳಾಸದ ಅದೇ ಪೋರ್ಟಿನಿಂದ ಬಂದ ಪ್ಯಾಕೆಟ್ಟನ್ನು ಉತ್ತರವೆಂದು ಭಾವಿಸಿ ಬಿಡುತ್ತದೆ. ಬೇರೆ ಪೋರ್ಟಿನಿಂದ ಬಂದದ್ದು ಅದರ ದೃಷ್ಟಿಯಲ್ಲಿ ಯಾರೂ ಕರೆಯದ ಅಪರಿಚಿತ. 69ಕ್ಕೆ ಹೋದ ಕೋರಿಕೆಗೆ 34712ರಿಂದ ಉತ್ತರ ಬಂದೀತೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಟಿಎಫ್‌ಟಿಪಿ, ಫೈರ್‌ವಾಲು ಎರಡೂ ತಮ್ಮ ತಮ್ಮ ನಿಯಮಕ್ಕೆ ನಿಷ್ಠವಾಗಿಯೇ ನಡೆದುಕೊಳ್ಳುತ್ತಿವೆ. ಎರಡರ ನಿಯಮವನ್ನೂ ಬಲ್ಲ ಮನುಷ್ಯನೊಬ್ಬ ನಡುವೆ ನಿಲ್ಲಬೇಕಾಗಿದೆ, ಮತ್ತು ಆ ಮನುಷ್ಯನಿಗೇ ನಿಮ್ಮ ಸಂಸ್ಥೆ ಸಂಬಳ ಕೊಡುತ್ತಿರುವುದು.

ಇದನ್ನು ಪೂರ್ತಿಯಾಗಿ ಅರಿಯದೆ ಮಾಡುವ ಚಿಕಿತ್ಸೆಗಳಲ್ಲಿ ತಾರತಮ್ಯವುಂಟು. ಸರ್ವರಿನಿಂದ ಫೋನುಗಳ ಕಡೆಗೆ 1024ರಿಂದ 65535ರವರೆಗಿನ ಯುಡಿಪಿಯನ್ನೆಲ್ಲ ತೆರೆಯುವವರು ಸ್ಥೂಲವಾಗಿಯಾದರೂ ವಿಷಯವನ್ನು ಗ್ರಹಿಸಿದವರು. ಯಾವ ವಿಳಾಸದಿಂದ ಯಾವ ವಿಳಾಸಕ್ಕಾದರೂ ಏನು ಬೇಕಾದರೂ ಹೋಗಲಿ ಎಂದು ಬರೆಯುವವರು ಫೈರ್‌ವಾಲನ್ನು ಇಟ್ಟುಕೊಂಡೂ ಇಲ್ಲವೆನ್ನಿಸಿದವರು. ಮೂರನೆಯ ವರ್ಗವೊಂದಿದೆ, ಅವರನ್ನು ನೆನೆದರೆ ನನಗೆ ದಿಗಿಲಾಗುತ್ತದೆ. ಮನೆಯಿಂದ ಕೆಲಸ ಮಾಡುವವರ ಫೋನಿಗೂ ಫೈಲು ಸಿಗಲೆಂದು ಅವರು ಟಿಎಫ್‌ಟಿಪಿ ಸರ್ವರನ್ನೇ ನೇರವಾಗಿ ಇಂಟರ್ನೆಟ್ಟಿಗೆ ಒಡ್ಡಿಬಿಡುತ್ತಾರೆ.

ಆ ಫೈಲಿನೊಳಗೆ ಏನಿದೆ ಎಂಬುದನ್ನು ಒಮ್ಮೆ ತೆರೆದು ನೋಡಿದ್ದೀರಾ? ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಕು. ಕಾಲ್ ಸರ್ವರಿನ ವಿಳಾಸ, ಎಕ್ಸ್‌ಟೆನ್ಷನ್ ಸಂಖ್ಯೆ, ಅದರ ಎಸ್‌ಐಪಿ ಖಾತೆಯ ಹೆಸರು, ಎಷ್ಟೋ ವೇಳೆ ಅದರ ಪಾಸ್‌ವರ್ಡೂ, ಎಲ್ಲವೂ ಓದಬಲ್ಲ ಅಕ್ಷರಗಳಲ್ಲಿ ಅಲ್ಲಿ ಮಲಗಿರುತ್ತವೆ. ಫೈಲಿನ ಹೆಸರು ಮ್ಯಾಕ್ ವಿಳಾಸವೆಂದು ಆಗಲೇ ಹೇಳಿದೆ. ಆ ವಿಳಾಸ ಫೋನಿನ ಬೆನ್ನಿನ ಚೀಟಿಯ ಮೇಲೆ ಅಚ್ಚಾಗಿರುತ್ತದೆ, ಅದರ ಮೊದಲ ಆರು ಅಂಕಿಗಳು ತಯಾರಕನ ಗುರುತಾದುದರಿಂದ ಉಳಿದ ಆರನ್ನು ಯಂತ್ರವೊಂದಕ್ಕೆ ಒಪ್ಪಿಸಿ ಊಹಿಸಿ ಊಹಿಸಿ ಕೇಳಿಸಬಹುದು, ಹೆಸರು ಹೇಳಿದವನಿಗೆ ಫೈಲು ಕೊಡುವುದೇ ಟಿಎಫ್‌ಟಿಪಿಯ ಧರ್ಮ. ಹಾಗೆ ಸಿಕ್ಕಿದ ಖಾತೆಯಿಂದ ರಾತ್ರಿಯೆಲ್ಲ ಪರದೇಶಗಳಿಗೆ ಕರೆಗಳು ಹರಿದು, ತಿಂಗಳ ಕೊನೆಯಲ್ಲಿ ಬಂದ ಐಎಸ್‌ಡಿ ಬಿಲ್ಲಿನ ಮುಂದೆ ಅಕೌಂಟ್ಸಿನವರು ಬೆರಗಾಗಿ ನಿಂತದ್ದು ನಮ್ಮ ವೃತ್ತಿಯಲ್ಲಿ ಅಪೂರ್ವವಾದ ಸಂಗತಿಯಲ್ಲ. ಇದು ಸಾಲದೆಂಬಂತೆ, ಬೇರೊಬ್ಬರ ವಿಳಾಸವನ್ನು ಕಳುಹಿಸಿದವನದೆಂದು ಸುಳ್ಳಾಗಿ ನಮೂದಿಸಿದ ಪುಟ್ಟ ಕೋರಿಕೆಗಳಿಂದ, ತೆರೆದ ಟಿಎಫ್‌ಟಿಪಿ ಸರ್ವರು ಆ ಅಮಾಯಕನ ಮೇಲೆ ಸುಮಾರು 60 ಪಟ್ಟು ದತ್ತಾಂಶವನ್ನು ಸುರಿಯುವಂತೆ ಮಾಡಬಹುದೆಂದು ಎಡಿನ್‌ಬರೋ ನೇಪಿಯರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿಯೇ ತೋರಿಸಿಕೊಟ್ಟಿದ್ದಾರೆ: ಸ್ವೀಕೃತಿ ಬರಲಿಲ್ಲವೆಂದು ಸರ್ವರು ಅದೇ ಖಂಡವನ್ನು ಮತ್ತೆ ಮತ್ತೆ ಕಳುಹಿಸುತ್ತದೆಯಲ್ಲವೆ, ಆ ಸದ್ಗುಣವೇ ಇಲ್ಲಿ ಶತ್ರುವಿಗೆ ಆಯುಧವಾಗುತ್ತದೆ.

“ತಾತ್ಕಾಲಿಕವಾಗಿ ಹಾಕಿದ್ದು ಸರ್, ಆಮೇಲೆ ತೆಗೆಯುತ್ತೇವೆ” ಎಂಬ ಉತ್ತರವನ್ನೂ ಕೇಳಿದ್ದೇನೆ. 1953ರ ನಾಗಪುರ ಒಪ್ಪಂದದ ಫಲವಾಗಿ ಚಳಿಗಾಲದ ಅಧಿವೇಶನಕ್ಕೆಂದು ಮುಂಬಯಿಯ ಆಡಳಿತವೇ ಇಲ್ಲಿಗೆ ಇಳಿದುಬರುವ ಈ ಊರಿನಲ್ಲಿ ತಾತ್ಕಾಲಿಕ ಎಂಬುದನ್ನು ನಾವು ಬೇರೆಯವರಿಗಿಂತ ಚೆನ್ನಾಗಿ ಬಲ್ಲೆವು. ಅಧಿವೇಶನ ಮುಗಿದೊಡನೆ ಪೆಂಡಾಲುಗಳನ್ನು ಕಳಚುತ್ತಾರೆ, ಕಟಕಟೆಗಳನ್ನು ಕಿತ್ತು ಒಯ್ಯುತ್ತಾರೆ. ತಾತ್ಕಾಲಿಕ ಎಂಬ ಟಿಪ್ಪಣಿಯೊಡನೆ ಬರೆದ ಫೈರ್‌ವಾಲ್ ರೂಲನ್ನು ಹಾಗೆ ಕಿತ್ತು ಒಯ್ದವರನ್ನು ನಾನು ಕಂಡಿಲ್ಲ. ಬರೆದವನು ಕೆಲಸ ಬಿಟ್ಟು ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾನೆ. ಅನಂತರ ಬಂದವನು ಅದನ್ನು ಮುಟ್ಟಲು ಹೆದರುತ್ತಾನೆ.

ಹಾಗಾದರೆ ಮಾಡತಕ್ಕದ್ದೇನು? ಇಲ್ಲಿ ನನಗೆ ಅಂಬಾಝರಿ ರಸ್ತೆಯಲ್ಲಿ 1960ರಲ್ಲಿ ಆರಂಭವಾಗಿ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಧರಿಸಿದ ಎಂಜಿನಿಯರಿಂಗ್ ವಿದ್ಯಾಲಯ ನೆನಪಿಗೆ ಬರುತ್ತದೆ. ನಿಮ್ಮಲ್ಲಿ ಕೆಲವರು ಅಲ್ಲಿಯೇ ಓದಿದವರು. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ವಿಶ್ವೇಶ್ವರಯ್ಯನವರು ರೂಪಿಸಿ 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ನೆರೆಯ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದು, ಇಳಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದುವು. ನೆರೆ ಬಂದೀತೆಂಬ ಭಯದಿಂದ ವರ್ಷವಿಡೀ ಬಾಗಿಲನ್ನು ತೆರೆದಿಟ್ಟಿದ್ದರೆ ಜಲಾಶಯದಲ್ಲಿ ಉಳಿಯುತ್ತಿದ್ದುದು ಕೆಸರು ಮಾತ್ರ. ಟಿಎಫ್‌ಟಿಪಿಗೆ ಬೇಕಾದುದೂ ಆ ಬಗೆಯ ಬಾಗಿಲೇ, ಮತ್ತು ಅದು ನಿಮ್ಮ ಫೈರ್‌ವಾಲಿನೊಳಗೆ ಆಗಲೇ ಇದೆ. ಕೆಲವರು ಅದನ್ನು ಎಎಲ್‌ಜಿ ಎನ್ನುತ್ತಾರೆ, ಕೆಲವರು ಹೆಲ್ಪರ್ ಎನ್ನುತ್ತಾರೆ, ಸಿಸ್ಕೊ ಎಎಸ್‌ಎ ಬಳಸುವವರು ಇನ್‌ಸ್ಪೆಕ್ಟ್ ಎನ್ನುತ್ತಾರೆ. ಅದು 69ಕ್ಕೆ ಹೋಗುವ ಕೋರಿಕೆಯನ್ನು ಬಿಡಿಸಿ ಓದುತ್ತದೆ; ಈ ಸರ್ವರಿನ ಯಾವುದೋ ಒಂದು ಪೋರ್ಟಿನಿಂದ ಈ ಫೋನಿನ ಈ ಪೋರ್ಟಿಗೆ ಈಗ ಒಂದು ಉತ್ತರ ಬರಲಿದೆಯೆಂದು ಪಟ್ಟಿಯಲ್ಲಿ ನಿರೀಕ್ಷೆಯೊಂದನ್ನು ಬರೆದಿಡುತ್ತದೆ; ಉತ್ತರ ಬಂದೊಡನೆ ಅಷ್ಟಕ್ಕೆ ಮಾತ್ರ ದಾರಿ ಬಿಟ್ಟು, ವರ್ಗಾವಣೆ ಮುಗಿದಮೇಲೆ ಆ ದಾರಿಯನ್ನು ಅಳಿಸುತ್ತದೆ. ಎಎಸ್‌ಎಯಲ್ಲಿ ಇದು ಮೂಲ ಪಾಲಿಸಿಯಲ್ಲಿಯೇ ಸೇರಿರುತ್ತದೆ, ಯಾರಾದರೂ ‘ಕ್ಲೀನ್ ಅಪ್’ ಮಾಡುವಾಗ ತೆಗೆದುಹಾಕಿಲ್ಲವೆ ಎಂದು ನೋಡಿದರೆ ಸಾಕು. ಪಿಎಫ್‌ಸೆನ್ಸ್‌ನಲ್ಲಿ ಟಿಎಫ್‌ಟಿಪಿ ಪ್ರಾಕ್ಸಿಯನ್ನು ಯಾವ ಇಂಟರ್‌ಫೇಸಿನ ಮೇಲೆ ಬೇಕೋ ಅಲ್ಲಿ ಆರಿಸಬೇಕು.

ಲಿನಕ್ಸಿನವರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಬುದ್ಧಿವಂತರೂ ಮುಗ್ಗರಿಸುವ ಸ್ಥಳ ಅದು. ಎನ್‌ಎಫ್ ಕಾನ್‌ಟ್ರ್ಯಾಕ್ ಟಿಎಫ್‌ಟಿಪಿ ಎಂಬ ಮಾಡ್ಯೂಲನ್ನು ಲೋಡ್ ಮಾಡಿದರೆ ಸಾಕೆಂದು ಹಳೆಯ ಪಾಠಗಳೆಲ್ಲ ಹೇಳುತ್ತವೆ. ಹಿಂದೆ ಅದು ಸತ್ಯವೂ ಆಗಿತ್ತು. ಆದರೆ ಯಾರು ಬೇಕಾದರೂ ಕಪಟದ ಪ್ಯಾಕೆಟ್ಟುಗಳಿಂದ ಹೆಲ್ಪರನ್ನು ಮರುಳುಗೊಳಿಸಿ ಬೇಡದ ದಾರಿಗಳನ್ನು ತೆರೆಸಬಹುದೆಂಬ ಆಶಂಕೆಯಿಂದ, 2016ರ 4.7ನೆಯ ಕರ್ನೆಲ್ಲಿನಿಂದ ಮುಂದಕ್ಕೆ ಹೆಲ್ಪರು ತಾನಾಗಿಯೇ ಅಂಟಿಕೊಳ್ಳುವ ಪದ್ಧತಿಯನ್ನು ನಿಲ್ಲಿಸಲಾಯಿತು. ಮಾಡ್ಯೂಲು ಲೋಡ್ ಆಗಿರುವುದಾಗಿ ಎಲ್‌ಎಸ್‌ಮಾಡ್ ತೋರಿಸುತ್ತದೆ, ಫೋನಿಗೆ ಮಾತ್ರ ಫೈಲು ಬರುವುದಿಲ್ಲ; ಸರ್ವರನ್ನು ಅಪ್‌ಗ್ರೇಡ್ ಮಾಡಿದ ಮರುದಿನ ಫೋನುಗಳು ಕೆಟ್ಟುವೆಂದು ಹಲವರು ಹಳಹಳಿಸಿದ್ದಕ್ಕೆ ಇದೇ ಕಾರಣ. ಐಪಿ ಟೇಬಲ್ಸಿನ ರಾ ಟೇಬಲ್ಲಿನಲ್ಲಿ ಸಿಟಿ ಎಂಬ ಟಾರ್ಗೆಟ್ಟನ್ನು ಬಳಸಿ, ಇಂಥ ಫೋನ್ ವಿಎಲ್‌ಎಎನ್‌ನಿಂದ ಇಂಥ ಸರ್ವರಿನ 69ಕ್ಕೆ ಹೋಗುವ ಯುಡಿಪಿಗೆ ಮಾತ್ರ ಟಿಎಫ್‌ಟಿಪಿ ಹೆಲ್ಪರನ್ನು ಕೈಯಾರೆ ನಿಯೋಜಿಸಬೇಕು. ಎನ್‌ಎಫ್ ಟೇಬಲ್ಸಿನಲ್ಲಿಯೂ ಇದಕ್ಕೆ ಸಮಾನವಾದ ಕ್ರಮವಿದೆ. ನಡುವೆ ನ್ಯಾಟ್ ಇದ್ದರೆ ಎನ್‌ಎಫ್ ನ್ಯಾಟ್ ಟಿಎಫ್‌ಟಿಪಿ ಎಂಬ ಜೊತೆಗಾರ ಮಾಡ್ಯೂಲೂ ಬೇಕಾಗುತ್ತದೆ. ಒಂದು ಸಾಲು ಹೆಚ್ಚು ಬರೆಯಬೇಕಾಯಿತೆಂದು ಗೊಣಗುವವರಿಗೆ ನನ್ನ ಉತ್ತರವಿಷ್ಟೆ: ಆ ಸಾಲಿನಲ್ಲಿ ಯಾರಿಂದ ಯಾರಿಗೆ ಎಂಬುದನ್ನು ನೀವು ಬರೆದೇ ತೀರಬೇಕಾಗುತ್ತದೆ, ಮತ್ತು ಎನಿ ಎನಿ ಬರೆಯುವವನು ತಪ್ಪಿಸಿಕೊಳ್ಳಲೆಳಸುವುದು ಆ ಎರಡು ಪ್ರಶ್ನೆಗಳನ್ನೇ.

ಹೆಲ್ಪರೇ ಇಲ್ಲದ ಹಳೆಯ ಪೆಟ್ಟಿಗೆಗಳೂ ಕೆಲವು ಕಾರ್ಖಾನೆಗಳಲ್ಲಿ ಉಂಟು. ಅಲ್ಲಿ ಸರ್ವರನ್ನೇ ಕಟ್ಟುಪಾಡಿಗೆ ಒಳಪಡಿಸಬಹುದು: ಟಿಎಫ್‌ಟಿಪಿಡಿ ಎಚ್‌ಪಿಎ ಮತ್ತು ಡಿಎನ್‌ಎಸ್ ಮಾಸ್ಕ್ ಎರಡರಲ್ಲಿಯೂ ಉತ್ತರಕ್ಕೆ ಬಳಸತಕ್ಕ ಪೋರ್ಟುಗಳ ವ್ಯಾಪ್ತಿಯನ್ನು ನಿಗದಿ ಮಾಡುವ ಆಪ್ಷನ್ ಇದೆ, ನೂರು ಪೋರ್ಟುಗಳನ್ನು ಕೊಟ್ಟು, ಸರ್ವರಿನ ಆ ನೂರರಿಂದ ಫೋನ್ ವಿಎಲ್‌ಎಎನ್‌ಗೆ ಮಾತ್ರ ಅನುಮತಿ ಬರೆದರೆ ಕೆಲಸ ನಡೆಯುತ್ತದೆ. ಸುಂದರವಾದ ಪರಿಹಾರವಲ್ಲ, ಪ್ರಾಮಾಣಿಕವಾದ ಪರಿಹಾರ.

ಒಂದು ಎಚ್ಚರಿಕೆ. ಟಿಎಫ್‌ಟಿಪಿ ಹೆಲ್ಪರಿನಿಂದ ಉಪಕಾರವಾಯಿತೆಂದು ಹಿಗ್ಗಿ, ಅದರ ಪಕ್ಕದಲ್ಲಿಯೇ ಇರುವ ಎಸ್‌ಐಪಿ ಎಎಲ್‌ಜಿಯನ್ನೂ ಹಚ್ಚಿಬಿಡಬೇಡಿ. ಕರೆಯ ಸಂದೇಶಗಳ ಒಳಹೊಕ್ಕು ವಿಳಾಸಗಳನ್ನು ತಿದ್ದುವ ಆ ಪರೋಪಕಾರಿ, ಅನೇಕ ಉಪಕರಣಗಳಲ್ಲಿ ಅರ್ಧಂಬರ್ಧ ತಿದ್ದಿ, ಒಂದೇ ಪಕ್ಕದ ಧ್ವನಿ ಕೇಳಿಸುವಂತೆಯೋ ಕರೆ ನಡುವೆ ಕಡಿದುಹೋಗುವಂತೆಯೋ ಮಾಡುತ್ತದೆ.

ಬಾಗಿಲು ಸರಿಯಾಗಿ ತೆರೆದಮೇಲೂ ಕೆಲವರಿಗೆ ಕಾನ್ಫಿಗ್ ಫೈಲು ಬರುತ್ತದೆ, ಫರ್ಮ್‌ವೇರ್ ಫೈಲು ಅರ್ಧದಲ್ಲಿ ನಿಲ್ಲುತ್ತದೆ. ಇಲ್ಲಿ ಅಪರಾಧಿ ದೂರ. ಸರ್ವರು ಬೆಂಗಳೂರಿನಲ್ಲಿ, ಫೋನು ನಾಗಪುರದಲ್ಲಿ, ಹೋಗಿಬರುವ ಕಾಲ 50 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಒಂದು ಖಂಡಕ್ಕೆ ಒಂದು ಸ್ವೀಕೃತಿಯ ಕ್ರಮದಲ್ಲಿ ಸೆಕೆಂಡಿಗೆ 20 ಖಂಡ, ಎಂದರೆ ಸುಮಾರು 10 ಕಿಲೋಬೈಟು ಮಾತ್ರ ಸಾಗುತ್ತದೆ, ನಿಮ್ಮ ಲೀಸ್ಡ್ ಲೈನು ನೂರು ಎಂಬಿಪಿಎಸ್ ಆಗಿದ್ದರೂ ಅಷ್ಟೆ. 10 ಎಂಬಿಯ ಫರ್ಮ್‌ವೇರ್ ಬರಲು 17 ನಿಮಿಷ ಬೇಕು. ಅಷ್ಟರಲ್ಲಿ ಫೋನು ಬೇಸತ್ತೀತು, ಇಲ್ಲವೆ ಕೆಟ್ಟಿದೆಯೆಂದು ಯಾರೋ ಕೇಬಲ್ಲನ್ನು ಕಿತ್ತಾರು. ಖಂಡದ ಗಾತ್ರವನ್ನು ಹಿಗ್ಗಿಸಿಕೊಳ್ಳಲು 1998ರ ಆರ್‌ಎಫ್‌ಸಿ 2348 ಅವಕಾಶ ಕೊಟ್ಟಿದೆ. 1428 ಬೈಟಿಗೆ ಏರಿಸಿದರೆ ಅದೇ ಫೈಲು 6 ನಿಮಿಷದಲ್ಲಿ ಬರುತ್ತದೆ. ಅತಿಯಾಸೆ ಮಾತ್ರ ಕೂಡದು: ಈಥರ್ನೆಟ್ಟಿನ 1500ರ ಮಿತಿಯಲ್ಲಿ ತಲೆಬರಹಗಳ 32 ಬೈಟುಗಳನ್ನು ಕಳೆದರೆ ಉಳಿಯುವುದು 1468, ನಡುವೆ ವಿಪಿಎನ್ ಇದ್ದರೆ ಇನ್ನೂ ಕಡಮೆ. ಅದನ್ನು ಮೀರಿದ ಪ್ಯಾಕೆಟ್ಟು ತುಂಡಾಗಿ ಬರುತ್ತದೆ, ತುಂಡುಗಳನ್ನು ಹಲವು ಫೈರ್‌ವಾಲುಗಳು ಎಸೆದುಬಿಡುತ್ತವೆ, ಮತ್ತೆ ಅದೇ ಟೈಮ್‌ಔಟ್.

ಇಷ್ಟೆಲ್ಲ ಹೇಳಿದಮೇಲೆ ನನ್ನ ನಿಜವಾದ ಅಭಿಪ್ರಾಯವನ್ನು ಮರೆಮಾಚುವುದು ಸರಿಯಲ್ಲ. ಟಿಎಫ್‌ಟಿಪಿ ತನ್ನ ಕಾಲದ ಕೆಲಸವನ್ನು ಮಾಡಿ ಮುಗಿಸಿದೆ; ಫೋನು ಒಪ್ಪುವುದಾದರೆ ಎಚ್‌ಟಿಟಿಪಿಎಸ್‌ಗೆ ಹೋಗಿ. ಯೀಲಿಂಕ್, ಗ್ರ್ಯಾಂಡ್‌ಸ್ಟ್ರೀಮ್, ಪಾಲಿ ಮೊದಲಾದವರ ಫೋನುಗಳು 66ನೆಯ ಆಪ್ಷನ್ನಿನಲ್ಲಿ ಪೂರ್ಣ ವೆಬ್ ವಿಳಾಸವನ್ನೇ ಬರೆದರೂ ಅರ್ಥಮಾಡಿಕೊಳ್ಳುತ್ತವೆ. ಆಗ ಕೋರಿಕೆ, ಉತ್ತರ ಎರಡೂ ಒಂದೇ 443ರಲ್ಲಿ ನಡೆಯುವುದರಿಂದ ಫೈರ್‌ವಾಲಿಗೆ ಯಾವ ಗೊಂದಲವೂ ಇಲ್ಲ; ಪಾಸ್‌ವರ್ಡುಗಳು ದಾರಿಯಲ್ಲಿ ಕಾಣುವುದಿಲ್ಲ; ಸರ್ವರು ಫೋನಿನ ಸರ್ಟಿಫಿಕೇಟನ್ನು ಕೇಳಿ ಅಪರಿಚಿತರನ್ನು ಹಿಂದಕ್ಕೆ ಕಳುಹಿಸಬಹುದು. ಅಲ್ಲಿಯೂ ಒಂದು ಕೊಕ್ಕೆ ಉಂಟು. ಈಗತಾನೆ ಎದ್ದ ಫೋನಿಗೆ ಇಂದು ಯಾವ ವರ್ಷವೆಂಬುದೇ ತಿಳಿದಿರುವುದಿಲ್ಲ. ಸರ್ವರಿನ ಸರ್ಟಿಫಿಕೇಟಿನ ಆರಂಭದ ದಿನಾಂಕ ಅದಕ್ಕೆ ಭವಿಷ್ಯದಲ್ಲಿರುವಂತೆ ಕಂಡು, ಇದು ಸಲ್ಲದೆಂದು ನಿರಾಕರಿಸುತ್ತದೆ. ಆದುದರಿಂದ ಎನ್‌ಟಿಪಿಯ ಯುಡಿಪಿ 123ನ್ನು ಮೊದಲು ತಲಪುವಂತೆ ಮಾಡಿಕೊಳ್ಳಿ.

ಎಚ್‌ಟಿಟಿಪಿಎಸ್ ಅರಿಯದ ಹಳೆಯ ಫೋನುಗಳು ಇನ್ನೂ ಎಷ್ಟೋ ಮೇಜುಗಳ ಮೇಲಿವೆ. ಅವನ್ನು ಬದಲಾಯಿಸುವ ಹಣ ನಿಮ್ಮ ಕೈಯಲ್ಲಿಲ್ಲವೆಂಬುದು ನನಗೆ ತಿಳಿದಿದೆ. ಅವುಗಳ ಮಟ್ಟಿಗೆ ನನ್ನ ವಿನಂತಿ ಒಂದೇ. ನಿಮ್ಮ ಬ್ರಾಂಚಿನ ಫೈರ್‌ವಾಲಿನಲ್ಲಿ ಆ ಎನಿ ಎನಿ ರೂಲು ಇದ್ದರೆ, ಅದನ್ನು ಅಳಿಸುವ ಮುನ್ನ, ಅದರ ಮೇಲ್ಗಡೆ ಫೋನ್ ವಿಎಲ್‌ಎಎನ್‌ನಿಂದ ಸರ್ವರಿನ 69ಕ್ಕೆ ಹೆಲ್ಪರ್ ಸಹಿತವಾದ ರೂಲೊಂದನ್ನು ಬರೆಯಿರಿ. ಕಚೇರಿ ಮುಗಿದಮೇಲೆ ಒಂದು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಫೈಲು ಬಂದುದು ಹೊಸ ರೂಲಿನ ಲೆಕ್ಕದಲ್ಲಿಯೋ ಹಳೆಯದರ ಲೆಕ್ಕದಲ್ಲಿಯೋ ಎಂದು ಹಿಟ್ ಕೌಂಟ್ ನೋಡಿ. ಹಳೆಯ ರೂಲಿನಲ್ಲಿ ಬೇರೇನೇನು ಹರಿಯುತ್ತಿದೆಯೆಂಬುದೂ ಆಗಲೇ ತಿಳಿದುಬರುತ್ತದೆ; ಅದನ್ನು ನೋಡಿ ನಿಮಗೆ ಆಶ್ಚರ್ಯವಾಗದಿದ್ದರೆ ನನಗೆ ಆಶ್ಚರ್ಯವಾದೀತು. ಒಂದು ವಾರ ಲಾಗಿಂಗ್ ಹಚ್ಚಿಟ್ಟು, ಉಳಿದ ಹರಿವುಗಳಿಗೆ ಅವುಗಳದೇ ರೂಲುಗಳನ್ನು ಬರೆದು, ಬಳಿಕ ಹಳೆಯದನ್ನು ಮೊದಲು ಡಿಸೇಬಲ್ ಮಾಡಿ, ಅನಂತರ ಅಳಿಸಿ. ಎಲ್ಲಿಯಾದರೂ ಸಿಕ್ಕಿಕೊಂಡರೆ ಭಾನುವಾರ ಬೆಳಗ್ಗೆ ಮನೆಗೆ ಬನ್ನಿ. ಫೈರ್‌ವಾಲಿನ ಎರಡೂ ಪಕ್ಕಗಳಲ್ಲಿ ಹಿಡಿದ ಕ್ಯಾಪ್ಚರ್ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತನ್ನಿ, ಒಂದೇ ಪಕ್ಕದ್ದನ್ನು ತಂದರೆ ನೋಡುವುದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ದೂರವಾಣಿ ಎಂಜಿನಿಯರನೊಬ್ಬ